ತಾನೇ ದೊಡ್ಡದಾಗುತ್ತಿದ್ದ ಅಕ್ಷರ

ಇಂಗ್ಲಿಷ್ ಮೇಷ್ಟ್ರು ಒಂದು ಪುಟವನ್ನು ನನ್ನ ಮೇಜಿನ ಮೇಲಿಟ್ಟು, "ಇದ್ರಲ್ಲಿ ವಾಕ್ಯ ಎಲ್ಲಿ ಮುಗಿಯುತ್ತೆ ಅಂತ ನೀವೇ ತೋರ್ಸಿ ಮೇಡಂ, ನಾನು ಅಲ್ಲಿ ಮಾರ್ಕು ಹಾಕ್ತೀನಿ" ಎಂದರು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ತನ್ನ ಊರಿನ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಪುಟ ಅದು. ಮೇಲಿನಿಂದ ಕೆಳಗಿನವರೆಗೆ ಒಂದು ಚುಕ್ಕೆಯಿಲ್ಲ, ಒಂದು ದೊಡ್ಡಕ್ಷರವಿಲ್ಲ. ಊರು, ಹೊಳೆ, ಬಸ್ಸು, ಸೋಮವಾರ, ಅವ್ವ ಎಲ್ಲ ಒಂದರ ಬಾಲ ಒಂದು ಹಿಡಿದು ಸಾಗಿದ್ದವು. ಸಂಜೆ ಕೋಣೆಯಲ್ಲಿ ಕೂತು ಗಟ್ಟಿಯಾಗಿ ಓದಿದಾಗ ಅದರಲ್ಲಿ ಹದಿನಾಲ್ಕು ವಾಕ್ಯಗಳಿವೆ, ಅವುಗಳಲ್ಲಿ ಹನ್ನೊಂದು ಸರಿಯಾಗಿಯೇ ಇವೆ ಎಂದು ತಿಳಿಯಿತು.

ನನಗೆ ಅದು ವಿಚಿತ್ರವೆನಿಸಿತು. ವಾಕ್ಯ ಕಟ್ಟಲು ಬರುವವಳಿಗೆ ಅದನ್ನು ನಿಲ್ಲಿಸಲು ಯಾಕೆ ಬರುವುದಿಲ್ಲ?

ಆಲೂರಿನಿಂದ ಸಕಲೇಶಪುರಕ್ಕೆ ಹೋಗುವ ದಾರಿಯಲ್ಲಿದ್ದ ಆ ಖಾಸಗಿ ಹೈಸ್ಕೂಲಿಗೆ ನಾನು ಸೇರಿ ಆಗಿನ್ನೂ ಎರಡು ವಾರವಾಗಿತ್ತು. ಹೊಸ ಶತಮಾನ ಶುರುವಾಗಿ ಮೂರು ನಾಲ್ಕು ವರ್ಷ ಕಳೆದಿದ್ದ ಕಾಲ. ಬುದ್ಧಿ ಚುರುಕಾಗಿದ್ದೂ ಓದು ಬರಹದಲ್ಲಿ ತೊಡಕು ಅನುಭವಿಸುವ ಮಕ್ಕಳಿಗೆ ಕಲಿಸುವ ತರಬೇತಿಯನ್ನು ಮೈಸೂರಿನಲ್ಲಿ ಮುಗಿಸಿಕೊಂಡು ಬಂದಿದ್ದೆ. ಯಾವುದೋ ಎಸ್ಟೇಟಿನ ಆಫೀಸಿನವರು ಹೊಸದು ಕೊಂಡಾಗ ಬಿಟ್ಟುಕೊಟ್ಟ ಎರಡು ಕಂಪ್ಯೂಟರುಗಳು, ಲ್ಯಾಬಿನ ಪಕ್ಕದ ಒಂದು ಕೋಣೆ, ನಾಲ್ಕು ಮಕ್ಕಳು. ನನಗೆ ಒಪ್ಪಿಸಿದ್ದು ಇಷ್ಟು. ಮೂವರು ಎಂಟನೆಯವರು. ಒಂಬತ್ತನೆಯವಳು ಇವಳೊಬ್ಬಳೇ.

ಇವಳ ವಿಷಯ ಅವಸರದ್ದು ಎಂದು ಹೆಡ್‌ಮಾಸ್ಟರು ಮೊದಲೇ ಹೇಳಿದ್ದರು. ಶಾಲೆಗೆ ತನ್ನ ಎಸ್ಸೆಸ್ಸೆಲ್ಸಿ ಫಲಿತಾಂಶದ ಹೆಮ್ಮೆಯಿತ್ತು. ಅದಕ್ಕೆ ಕುಂದು ಬರಬಾರದೆಂದು ಒಂಬತ್ತರಲ್ಲಿ ಹಿಂದುಳಿದವರನ್ನು ಅಲ್ಲೇ ಇನ್ನೊಂದು ವರ್ಷ ಕೂರಿಸುವುದು ರೂಢಿ. ಉಳಿದ ವಿಷಯಗಳಲ್ಲಿ ಹುಡುಗಿ ಹೇಗೋ ದಾಟುತ್ತಿದ್ದಳು, ಇಂಗ್ಲಿಷಿನಲ್ಲಿ ಇಲ್ಲ.

"ಅವಳ ತಾಯಿ ಬಂದು ಹೇಳಿ ಹೋಗವ್ರೆ ಕಣ್ರೀ" ಎಂದರು ಹೆಡ್‌ಮಾಸ್ಟರು. "'ಪಾಸಾದ್ರೆ ಓದ್ಲಿ ಸಾರ್, ಇನ್ನೊಂದು ವರ್ಷ ಅದೇ ಬೆಂಚಲ್ಲಿ ಕೂರ್ಸಲ್ಲ, ಮನೇಲಿ ತೋಟ ಐತೆ' ಅಂತ. ಅಂದ್ರೆ ಏನಾಯ್ತು? ನಾನು ಮಾರ್ಚಲ್ಲಿ ಅವಳನ್ನ ಹತ್ತಕ್ಕೆ ಕಳಿಸದೆ ಹೋದ್ರೆ ಅವಳಿಗೆ ಸ್ಕೂಲೇ ಮುಗೀತು."

ಮೊದಲ ದಿನವೇ ಕೀಬೋರ್ಡಿನ ಮುಂದೆ ಜಗಳವಾಯಿತು. ಗುಂಡಿಗಳ ಮೇಲೆ ಅಚ್ಚಾಗಿರುವುದು ದೊಡ್ಡ ಎಬಿಸಿಡಿ, ಒತ್ತಿದರೆ ತೆರೆಯ ಮೇಲೆ ಮೂಡುವುದು ಚಿಕ್ಕದು. ಕಾಲೇಜಿನ ದಿನಗಳಿಂದ ಟೈಪ್ ಮಾಡುತ್ತಿದ್ದ ನಾನು ಇದನ್ನು ಒಮ್ಮೆಯೂ ಗಮನಿಸಿರಲಿಲ್ಲ.

"ಇದು ಮೋಸ ಅಲ್ವಾ ಮೇಡಂ?" ಎಂದಳು ಹುಡುಗಿ. "ಮ್ಯಾಲೆ ಒಂದು ಬರ್ದು ಒಳ್ಗೆ ಇನ್ನೊಂದು ಇಟ್ಟವ್ರೆ."

ಅವಳ ಮಾತಿನಲ್ಲಿ ನ್ಯಾಯವಿತ್ತು. ಕನ್ನಡದಲ್ಲಿ ಕ ಎಂದರೆ ಕ. ಊರ ಹೆಸರಿನ ಮೊದಲಿಗೆ ಬಂದರೂ ಅದೇ ಕ, ಕಸದ ಮೊದಲಿಗೆ ಬಂದರೂ ಅದೇ ಕ. ಒಂದೇ ಅಕ್ಷರಕ್ಕೆ ಎರಡು ಮುಖ ಯಾಕಿರಬೇಕು ಎಂದು ಅವಳು ಕೇಳಿದರೆ ನನ್ನ ಬಳಿ ತೃಪ್ತಿಕರವಾದ ಉತ್ತರವಿರಲಿಲ್ಲ. ಬಿಳಿ ಕಾಗದದ ಸಣ್ಣ ಚೂರುಗಳ ಮೇಲೆ ಚಿಕ್ಕಕ್ಷರ ಬರೆದು ಎಲ್ಲ ಗುಂಡಿಗಳಿಗೂ ಅಂಟಿಸಿದೆ. ತೆರೆಯ ಅಕ್ಷರಗಳನ್ನು ದುಪ್ಪಟ್ಟು ಗಾತ್ರಕ್ಕೆ ಏರಿಸಿದೆ. ಒಂದು ಸಾಲಿಗೆ ಒಂದೇ ವಾಕ್ಯ, ಮುಗಿದ ಕೂಡಲೇ ಚುಕ್ಕೆ ಹಾಕಿ ಎಂಟರ್ ಒತ್ತಿ ಕೆಳಗಿನ ಸಾಲಿಗೆ ಹೋಗಬೇಕು ಎಂಬ ನಿಯಮ ಮಾಡಿದೆ. ದೊಡ್ಡಕ್ಷರ ಬೇಕಾದಾಗ ಶಿಫ್ಟ್ ಗುಂಡಿ ಒತ್ತಿ ಹಿಡಿಯುವುದನ್ನು ತೋರಿಸಿಕೊಟ್ಟೆ.

ಫಲ ಬೇಗ ಸಿಕ್ಕಿತು. ಆಗಸ್ಟ್ ಮುಗಿಯುವಷ್ಟರಲ್ಲಿ ನಾಲ್ವರ ಕಡತಗಳಲ್ಲೂ ವಾಕ್ಯದ ಮೊದಲಿಗೆ ದೊಡ್ಡಕ್ಷರ, ಕೊನೆಗೆ ಚುಕ್ಕೆ. ನಾನು ಪ್ರತಿ ತಪ್ಪನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ, ಯಾರು, ಯಾವ ಪದ, ಎಷ್ಟನೆಯ ಸಲ ಎಂದು. ಅದರಲ್ಲಿ ಒಂದು ಸಂಗತಿ ಮಾತ್ರ ನನ್ನನ್ನು ಕಾಡುತ್ತಿತ್ತು. ವಾರದ ಹೆಸರುಗಳಿಗೆ ನಾಲ್ವರೂ ದೊಡ್ಡಕ್ಷರವನ್ನು ಒಮ್ಮೆಯೂ ತಪ್ಪುತ್ತಿರಲಿಲ್ಲ. ಊರ ಹೆಸರುಗಳಿಗೆ ಒಮ್ಮೆಯೂ ಹಾಕುತ್ತಿರಲಿಲ್ಲ. ಸೋಮವಾರ ಗೊತ್ತಿರುವ ಮಗುವಿಗೆ ಸಕಲೇಶಪುರ ಯಾಕೆ ಗೊತ್ತಾಗುವುದಿಲ್ಲ? ಗೋಡೆಯ ಕ್ಯಾಲೆಂಡರನ್ನು ದಿನವೂ ನೋಡುವುದರಿಂದ ಇರಬಹುದು ಎಂದು ಬರೆದೆ. ದಿನಗಳು ಏಳೇ, ಊರುಗಳು ಅಸಂಖ್ಯ ಎಂದೂ ಬರೆದೆ. ಓದಿದ ಪುಸ್ತಕಗಳಿಂದ ಎರಡು ಸಿದ್ಧಾಂತಗಳನ್ನು ತಂದು ಪಕ್ಕದಲ್ಲಿ ಸೇರಿಸಿದೆ. ಆ ಪುಟಗಳನ್ನು ಈಗ ಓದಲು ನಾಚಿಕೆಯಾಗುತ್ತದೆ.

ದಸರಾ ರಜೆಗೆ ಮುಂಚೆ ಹೆಡ್‌ಮಾಸ್ಟರಿಗೆ ಲಿಖಿತ ವರದಿ ಕೊಟ್ಟೆ, ಹುಡುಗಿಯ ನಾಲ್ಕು ಮುದ್ರಿತ ಪುಟಗಳ ಜೊತೆ. ಅವರು ಕನ್ನಡಕ ಹಾಕಿಕೊಂಡು ಪುಟ ತಿರುಗಿಸಿ ನೋಡಿ, "ಇದು ಅವಳೇ ಬರ್ದಿದ್ದಾ?" ಎಂದು ಕೇಳಿದರು. ಹೌದು ಎಂದೆ. ಆಡಳಿತ ಮಂಡಳಿಯ ಸಭೆಗೆ ಆ ಪುಟಗಳನ್ನು ತೆಗೆದುಕೊಂಡು ಹೋದರು. ಮರುದಿನ ವರಾಂಡದಲ್ಲಿ ನನ್ನನ್ನು ನಿಲ್ಲಿಸಿ, "ಹಿಂಗೇ ಇದ್ರೆ ಆ ಹುಡುಗಿ ಹತ್ತನೇ ಕ್ಲಾಸಿಗೆ ಹೋಗೋದ್ರಲ್ಲಿ ಅನುಮಾನ ಇಲ್ಲ ಬಿಡ್ರಿ" ಎಂದರು.

ರಜೆ ಮುಗಿದು ಬಂದ ವಾರ ಸಿಡಿಲು ಬಡಿದು ಟ್ರಾನ್ಸ್‌ಫಾರ್ಮರ್ ಸುಟ್ಟಿತು. ನಾಲ್ಕು ದಿನ ಕರೆಂಟ್ ಇರಲಿಲ್ಲ. ಸುಮ್ಮನೆ ಕೂರಿಸುವುದೇಕೆಂದು ಕಾಗದ ಪೆನ್ಸಿಲ್ ಕೊಟ್ಟು, ರಜೆಯಲ್ಲಿ ಏನೇನು ಮಾಡಿದಿರಿ ಬರೆಯಿರಿ ಎಂದೆ. ಬಂದ ನಾಲ್ಕೂ ಪುಟಗಳನ್ನು ಮೇಜಿನ ಮೇಲೆ ಹರಡಿ ನೋಡಿದೆ. ಹುಡುಗಿಯ ಜೂನ್ ತಿಂಗಳ ಪುಟ ಹೇಗಿತ್ತೋ ಎಲ್ಲವೂ ಹಾಗೆಯೇ ಇದ್ದವು. ಚುಕ್ಕೆಯಿಲ್ಲ. ದೊಡ್ಡಕ್ಷರವಿಲ್ಲ. ವಾರದ ಹೆಸರುಗಳಿಗೂ ಇಲ್ಲ.

ಐದನೆಯ ದಿನ ಕರೆಂಟ್ ಬಂತು. ಮಕ್ಕಳು ಪಿ.ಟಿ.ಗೆ ಹೋಗಿದ್ದಾಗ ಒಬ್ಬಳೇ ಕಂಪ್ಯೂಟರಿನ ಮುಂದೆ ಕೂತು ಹುಡುಗಿಯ ಕಾಗದದ ಪುಟವನ್ನು ಅದು ಇದ್ದ ಹಾಗೆಯೇ ಟೈಪ್ ಮಾಡತೊಡಗಿದೆ. ಶಿಫ್ಟ್ ಒತ್ತಲಿಲ್ಲ. ಮೊದಲ ಪದ ಮುಗಿಸಿ ಸ್ಪೇಸ್ ಕೊಟ್ಟ ತಕ್ಷಣ ಅದರ ಚಿಕ್ಕಕ್ಷರ ತಾನಾಗಿ ದೊಡ್ಡದಾಯಿತು. ಸೋಮವಾರ ಎಂದು ಟೈಪ್ ಮಾಡಿದೆ, ಅದೂ ದೊಡ್ಡದಾಯಿತು. ಸಕಲೇಶಪುರ ಎಂದು ಟೈಪ್ ಮಾಡಿದೆ. ಅದು ಚಿಕ್ಕದಾಗಿಯೇ ಉಳಿಯಿತು.

ನಾನು ಶಿಫ್ಟ್ ಒತ್ತುವುದನ್ನು ಎಂದೂ ತಪ್ಪದೆ ಇದ್ದುದರಿಂದಲೇ ಕಂಪ್ಯೂಟರ್ ತಾನಾಗಿ ತಿದ್ದುವುದನ್ನು ಎಂದೂ ಕಂಡಿರಲಿಲ್ಲ. ತಾನಾಗಿ ತಿದ್ದುವ ಸೆಟ್ಟಿಂಗಿನ ಪಟ್ಟಿ ತೆರೆದು ನೋಡಿದರೆ ಅಲ್ಲಿ ಸಾಲಾಗಿ ಪುಟ್ಟ ಚೌಕಗಳು, ಎಲ್ಲದರಲ್ಲೂ ಟಿಕ್. ವಾಕ್ಯದ ಮೊದಲ ಅಕ್ಷರ ದೊಡ್ಡದು ಮಾಡು. ವಾರದ ಹೆಸರು ದೊಡ್ಡದು ಮಾಡು. ಚುಕ್ಕೆಯನ್ನಾದರೂ ಅವರು ಕಲಿತಿದ್ದರೇ? ಅದೂ ಇಲ್ಲ. ಎಂಟರ್ ಒತ್ತುವ ಮುಂಚೆ ಚುಕ್ಕೆ ಒತ್ತುವುದು ಬೆರಳಿಗೆ ಅಭ್ಯಾಸವಾಗಿತ್ತು ಅಷ್ಟೆ. ಪುಸ್ತಕದಿಂದ ನಕಲು ಮಾಡುವಾಗಲೂ, ಸ್ವಂತ ಬರೆಯುವಾಗಲೂ ಸಾಲು ಎಲ್ಲಿ ಒಡೆಯಬೇಕೆಂದು ಹೇಳಿಕೊಡುತ್ತಿದ್ದವಳು ನಾನು.

ಮಕ್ಕಳು ಬಂದ ಮೇಲೆ ಹುಡುಗಿಯನ್ನು ಕೇಳಿದೆ. "ಅಕ್ಷರ ತಾನಾಗೇ ದೊಡ್ಡದಾಗುತ್ತೆ ಅಂತ ನಿನಗೆ ಗೊತ್ತಿತ್ತಾ?"

"ಎಲ್ರಿಗೂ ಗೊತ್ತಿತ್ತು ಮೇಡಂ" ಎಂದಳು. ಅವಳಿಗೆ ಪ್ರಶ್ನೆಯೇ ಆಶ್ಚರ್ಯ. "ನಾವು ಚಿಕ್ದು ಒತ್ತಿದ್ರೆ ಅದೇ ದೊಡ್ದು ಮಾಡ್ಕೊಳ್ತೈತೆ. ಅದುಕ್ಕೇ ಕಂಪ್ಯೂಟ್ರಲ್ಲಿ ಕಲುಸ್ತಾ ಇದೀರ ಅನ್ಕೊಂಡಿದ್ವಿ."

ಎಂಟನೆಯ ತರಗತಿಯ ಒಬ್ಬ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು, "ಮೇಡಂಗೇ ಗೊತ್ತಿರ್ಲಿಲ್ವಂತೆ ಕಣೇ ಮಾರಾಯ್ತಿ" ಎಂದಳು. ನಾಲ್ವರೂ ನಕ್ಕರು. ನನಗೂ ಒಂದು ಕ್ಷಣ ನಗು ಬಂತು.

ಆ ವಾರದ ಕೊನೆಯ ಎರಡು ದಿನ ನಾನು ಲೆಕ್ಕ ಹಾಕಿದೆ. ವರದಿ ಹೆಡ್‌ಮಾಸ್ಟರ ಬೀರುವಿನಲ್ಲಿತ್ತು. ಸುಮ್ಮನಿದ್ದರೆ ಅದರ ಆಧಾರದ ಮೇಲೆ ಹುಡುಗಿ ಹತ್ತಕ್ಕೆ ಹೋಗುತ್ತಾಳೆ, ನನ್ನ ವರ್ಷವೂ ಮುಗಿಯುತ್ತದೆ. ಅದರ ಮುಂದಿನ ವರ್ಷದ ಏಪ್ರಿಲ್‌ನಲ್ಲಿ ಪಬ್ಲಿಕ್ ಪರೀಕ್ಷೆಯ ಹಾಲಿನಲ್ಲಿ ಅವಳ ಮುಂದೆ ಕಾಗದ ಮಾತ್ರ ಇರುತ್ತದೆ, ಅಲ್ಲಿ ನಾನಿರುವುದಿಲ್ಲ. ಹೇಳಿದರೆ ಅವಳ ಶಾಲೆ ಈ ಮಾರ್ಚಿಗೇ ಮುಗಿಯಬಹುದು. ಎರಡರಲ್ಲಿ ಯಾವುದು ಅವಳಿಗೆ ಹೆಚ್ಚು ಕೆಟ್ಟದ್ದೆಂದು ನಿಜವಾಗಿಯೂ ತಿಳಿಯಲಿಲ್ಲ. ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಹೋಗಿ ಹೇಳಿದೆ.

ಹೆಡ್‌ಮಾಸ್ಟರು ಪೆನ್ನಿನ ಕ್ಯಾಪು ತೆಗೆದು ಹಾಕಿ, ತೆಗೆದು ಹಾಕಿ ಕೇಳಿಸಿಕೊಂಡರು.

"ನೀವು ಹೇಳ್ದೆ ಇದ್ದಿದ್ರೆ ನನಗೆ ಗೊತ್ತಾಗ್ತಿತ್ತೇನ್ರೀ?"

"ಇಲ್ಲ ಸರ್."

"ಮತ್ತೆ?"

"ಪಬ್ಲಿಕ್ ಪರೀಕ್ಷೆಗೆ ಕಂಪ್ಯೂಟರ್ ಬರಲ್ಲ ಸರ್."

ಅವರು ಕ್ಯಾಪು ಮುಚ್ಚಿ ಪೆನ್ನನ್ನು ಜೇಬಿಗೆ ಸಿಕ್ಕಿಸಿದರು. "ಮಂಡಳಿಯೋರ ಮುಂದೆ ಪುಟ ಎತ್ತಿ ಹಿಡ್ದು ತೋರ್ಸಿದೀನಲ್ರೀ ನಾನು. ಹೋಗ್ಲಿ. ಫೆಬ್ರವರಿ ಕೊನೇಗೆ ನಾನೇ ಬಂದು ಕೂರ್ತೀನಿ. ಕಾಗದ, ಪೆನ್ಸಿಲ್, ಒಂದು ಪೀರಿಯಡ್. ಅವಳೇ ಬರೀಬೇಕು, ಅವಳೇ ತಿದ್ದಬೇಕು. ಅದನ್ನ ನೋಡಿ ತೀರ್ಮಾನ ಮಾಡ್ತೀನಿ. ಆಮೇಲೆ ನನ್ನ ಬೈಕೋಬಾರ್ದು."

ಚೌಕಗಳ ಟಿಕ್ಕುಗಳನ್ನೆಲ್ಲ ಅಂದೇ ತೆಗೆದೆ. ಸಾಲಿಗೊಂದು ವಾಕ್ಯದ ನಿಯಮವನ್ನೂ ಕೈಬಿಟ್ಟೆ. ಹುಡುಗಿಯ ಪುಟ ಕುಸಿದುಬಿತ್ತು. ತಪ್ಪು ಹುಡುಕು ಎಂದರೆ ಕಣ್ಣು ಕಿರಿದು ಮಾಡಿಕೊಂಡು ತೆರೆಯ ಮೇಲೆಲ್ಲ ಹಾಯಿಸಿ, ಎಲ್ಲೋ ಒಂದು ಕಡೆ ಚುಕ್ಕೆ ಇಡುತ್ತಿದ್ದಳು, ಇನ್ನೆಲ್ಲೋ ಒಂದು ಅಕ್ಷರ ದೊಡ್ಡದು ಮಾಡುತ್ತಿದ್ದಳು. ಚುಕ್ಕೆಯ ಕಡೆ ಗಮನ ಕೊಟ್ಟರೆ ದೊಡ್ಡಕ್ಷರ ತಪ್ಪುತ್ತಿತ್ತು, ದೊಡ್ಡಕ್ಷರ ನೋಡಿದರೆ ಚುಕ್ಕೆ. ನವೆಂಬರ್ ಪೂರ್ತಿ ಹೀಗೇ ಹೋಯಿತು. ನಿಯಮ ಕೇಳಿದರೆ ತಡವರಿಸದೆ ಹೇಳುತ್ತಿದ್ದಳು. ಹಾಗಾದರೆ ಬರೆಯುವಾಗ ಆ ನಿಯಮ ಎಲ್ಲಿ ಹೋಗುತ್ತದೆ? ನೋಟ್‌ಬುಕ್ಕಿನಲ್ಲಿ ಈ ಪ್ರಶ್ನೆಯನ್ನು ಬರೆದು ಕೆಳಗೆ ಅರ್ಧ ಪುಟ ಖಾಲಿ ಬಿಟ್ಟಿದ್ದೆ.

ಡಿಸೆಂಬರಿನಲ್ಲಿ ಅವಳು ಶಾಲೆಗೆ ಬರುವುದನ್ನೇ ನಿಲ್ಲಿಸಿದಳು. ಐದು ದಿನ ನೋಡಿ, ಆರನೆಯ ದಿನ ಮಧ್ಯಾಹ್ನ ಅವಳ ಊರಿನ ಬಸ್ಸು ಹತ್ತಿದೆ.

ಅವರದು ಎರಡೆಕರೆಯ ಕಾಫಿ. ಮನೆಯ ಮುಂದೆ ಸಗಣಿ ಸಾರಿಸಿದ ಅಂಗಳದಲ್ಲಿ ಗೋಣಿತಾಟು ಹಾಸಿ, ಆ ದಿನ ಕುಯ್ದ ಹಣ್ಣನ್ನು ರಾಶಿ ಸುರಿದಿದ್ದರು. ತಾಯಿ ಮಗಳು ಎದುರುಬದುರು ಕೂತು ಆರಿಸುತ್ತಿದ್ದರು.

"ಬನ್ನಿ ಮೇಡಂ, ಕೂತ್ಕಳಿ" ಎಂದು ತಾಯಿ ಮಣೆ ತಂದಿಟ್ಟರು. "ಬೈಯಕ್ಕೆ ಬಂದಿದೀರ ಅಂತ ಗೊತ್ತು. ಕುಯ್ಯೋ ಆಳು ಸಿಗ್ತಿಲ್ಲ, ಹಣ್ಣು ಉದುರಿ ಹೋಯ್ತವೆ. ಏನ್ ಮಾಡಾಣ ಹೇಳಿ."

"ಫೆಬ್ರವರಿಯಲ್ಲಿ ಅವಳಿಗೆ ಪರೀಕ್ಷೆ ಇದೆ ಅಮ್ಮ. ಹೆಡ್‌ಮಾಸ್ಟರೇ ಬಂದು ನೋಡ್ತಾರೆ."

"ಆಯ್ತದಾ ಅವಳ ಕೈಲಿ? ನಿಜ ಹೇಳಿ. ಸುಮ್ನೆ ನನ್ ಮನ್ಸಿಗೆ ಆಸೆ ಹಚ್ಚಬ್ಯಾಡಿ."

ಹುಡುಗಿ ತಲೆ ಎತ್ತದೆ ಆರಿಸುತ್ತಲೇ ಇದ್ದಳು. ಸುಮ್ಮನೆ ಕೂರಲು ಮುಜುಗರವಾಗಿ ನಾನೂ ಕೈ ಹಾಕಿದೆ. ರಾಶಿಯಲ್ಲಿ ಕೆಂಪು ಹಣ್ಣಿನ ಜೊತೆ ಎಲೆ, ಕಡ್ಡಿ, ಹಸಿರು ಕಾಯಿ, ಒಣಗಿ ಕಪ್ಪಾದ ಹಣ್ಣು ಎಲ್ಲ ಬೆರೆತಿದ್ದವು. ಕಂಡಿದ್ದನ್ನೆಲ್ಲ ಆರಿಸಿ ಬೇರೆ ಬೇರೆ ಹಾಕತೊಡಗಿದೆ. ಸ್ವಲ್ಪ ಹೊತ್ತಾದ ಮೇಲೆ ಹುಡುಗಿ ನನ್ನ ಮುಂದಿನ ಪಾಲನ್ನು ಒಂದು ಕೈಯಲ್ಲಿ ಹರಡಿ ನಕ್ಕಳು.

"ಏನ್ ಮೇಡಂ, ಅರ್ಧ ಹಸ್ರು ಇಲ್ಲೇ ಬುಟ್ಟಿದೀರ!"

"ಅವೆಲ್ಲ ಹೇಗೆ ತಪ್ಪಿದವು?"

"ಎಲ್ಲಾನೂ ಒಂದೇ ಸಲುಕ್ಕೆ ನೋಡಕ್ ಹೋದ್ರೆ ಕಣ್ಣಿಗೆ ಯಾವುದೂ ಸಿಕ್ಕಲ್ಲ. ಮೊದ್ಲು ಎಲೆ ಕಡ್ಡಿ ಅಷ್ಟೇ. ಹಸ್ರು ಕಂಡ್ರೂ ಮುಟ್ಬಾರ್ದು. ಅದಾದ್ಮೇಲೆ ಹಸ್ರು. ಕರಿದು ಕಡೇಗೆ."

"ಹಸಿರು ಕಣ್ಣಿಗೆ ಬಿದ್ದರೂ ಬಿಡಬೇಕಾ?"

"ಬಿಡ್ಬೇಕು ಮೇಡಂ. ಅದ್ರ ಸರದಿ ಬಂದಾಗ ಅದೇ ಕಾಣ್ತೈತೆ."

"ನಮ್ಮವ್ವನ ಕಾಲ್ದಿಂದ ಹಂಗೇ" ಎಂದರು ತಾಯಿ. "ಒಂದು ರಾಶಿನ ಮೂರು ಸಲ ಕೈಯಾಡಿಸ್ತೀವಿ. ನೋಡೋರಿಗೆ ದಂಡ ಅನ್ಸ್ತದೆ. ಆದ್ರೆ ಬ್ಯಾಗ ಮುಗೀತದೆ."

ಅವಳ ಕೈಯನ್ನೇ ನೋಡುತ್ತ ಕೂತೆ. ಒಂದು ಸುತ್ತಿನಲ್ಲಿ ಒಂದನ್ನೇ ಹುಡುಕುವಾಗ ಅವಳಲ್ಲಿ ತಡವರಿಕೆಯೇ ಇರಲಿಲ್ಲ. ತರಗತಿಯಲ್ಲಿ ನಾನು ಅವಳಿಗೆ ಹೇಳುತ್ತಿದ್ದುದು ಏನು? ತಪ್ಪು ಹುಡುಕು ಎಂದು. ಯಾವ ತಪ್ಪು ಎಂದು ಹೇಳಿರಲೇ ಇಲ್ಲ. ಎಲೆ, ಕಡ್ಡಿ, ಹಸಿರು, ಕಪ್ಪು ಎಲ್ಲವನ್ನೂ ಒಟ್ಟಿಗೆ ಆರಿಸು ಎಂದಿದ್ದೆ.

ತಾಯಿಗೆ ಹೇಳಿದೆ, "ಆಗುತ್ತೋ ಇಲ್ಲವೋ ನನಗೆ ಗೊತ್ತಿಲ್ಲ ಅಮ್ಮ. ಆದರೆ ನಾನು ಕಲಿಸಿದ ರೀತಿ ತಪ್ಪಿತ್ತು. ಬೇರೆ ರೀತಿಯಲ್ಲಿ ಒಂದು ಸಲ ನೋಡಬೇಕು. ಅದಕ್ಕೆ ಅವಳು ಬರಬೇಕು."

ಅವರು ಮಗಳ ಕಡೆ ನೋಡಿದರು. "ಬೆಳ್ಗೆ ಸ್ಕೂಲಿಗೆ ಹೋಗು. ಸಾಯಂಕಾಲ ಬಂದು ಆರಿಸು" ಎಂದರು. ನನ್ನ ಕಡೆ ತಿರುಗಿ, "ಫೆಬ್ರವರಿ ಗಂಟ ಅಷ್ಟೇಯ" ಎಂದರು.

ಮರುದಿನದಿಂದ ಕ್ರಮ ಬದಲಾಯಿಸಿದೆ. ಬರೆಯುವಾಗ ಚುಕ್ಕೆ, ದೊಡ್ಡಕ್ಷರ ಯಾವುದನ್ನೂ ಯೋಚಿಸಬಾರದು. ಹೇಳಬೇಕಾದ್ದನ್ನು ಹೇಳಿ ಮುಗಿಸಬೇಕು. ಆಮೇಲೆ ನಾಲ್ಕು ಸುತ್ತು. ಮೊದಲ ಸುತ್ತಿನಲ್ಲಿ ಪಿಸುದನಿಯಲ್ಲಿ ಓದುತ್ತ, ಮಾತು ಮುಗಿದ ಕಡೆಯಲ್ಲೆಲ್ಲ ಚುಕ್ಕೆ ಹಾಕಿ ಎಂಟರ್ ಒತ್ತುವುದು. ಸಾಲು ಎಲ್ಲಿ ಒಡೆಯಬೇಕೆಂದು ಈಗ ನಿರ್ಧರಿಸುವವಳು ಅವಳು. ಒಡೆದ ಮೇಲೆ ಯಾವ ಸಾಲಾದರೂ ಉಳಿದವಕ್ಕಿಂತ ತೀರ ಉದ್ದವಾಗಿದ್ದರೆ ಅಲ್ಲಿ ಏನೋ ತಪ್ಪಿದೆ ಎಂದು ಕಣ್ಣಿಗೇ ಕಾಣುತ್ತಿತ್ತು. ಎರಡನೆಯ ಸುತ್ತಿನಲ್ಲಿ ಸಾಲಿನ ಮೊದಲಕ್ಷರ ಮಾತ್ರ. ಮೂರನೆಯದರಲ್ಲಿ ಊರು, ಜನ, ವಾರ, ತಿಂಗಳು. ನಾಲ್ಕನೆಯದರಲ್ಲಿ ಪ್ರಶ್ನೆಯ ಚಿಹ್ನೆಗಳು ಮತ್ತು ಕಾಮಾಗಳು. ಪ್ರತಿ ಸುತ್ತಿನ ಕಡತವನ್ನೂ ಬೇರೆ ಬೇರೆ ಹೆಸರಿನಲ್ಲಿ ಉಳಿಸಿ, ಸಂಜೆ ನಾಲ್ಕನ್ನೂ ಪಕ್ಕಪಕ್ಕ ತೆರೆದು ನೋಡುತ್ತಿದ್ದೆ.

ಮೊದಲ ವಾರ ಅವಳಿಗೆ ಕಷ್ಟವಾಗಿದ್ದು ಬಿಡುವುದು. ಎರಡನೆಯ ಸುತ್ತಿನಲ್ಲಿ ಊರ ಹೆಸರು ಕಂಡರೆ ಬೆರಳು ಅತ್ತ ಓಡುತ್ತಿತ್ತು. "ಹಸಿರು" ಎನ್ನುತ್ತಿದ್ದೆ. ಕೈ ಹಿಂದಕ್ಕೆ ತೆಗೆಯುತ್ತಿದ್ದಳು. ಎಂಟನೆಯ ಮೂವರೂ ಇದನ್ನು ಕಲಿತು, ಅವಳು ಕೈ ಮುಂದೆ ಮಾಡಿದಾಗಲೆಲ್ಲ ಒಟ್ಟಿಗೆ "ಹಸ್ರು ಕಣೇ, ಹಸ್ರು!" ಎಂದು ಕೂಗುತ್ತಿದ್ದರು. "ನಿಮ್ದು ನೋಡ್ಕಳ್ರೋ, ಬರೀ ಕಡ್ಡಿ" ಎಂದು ಅವಳು ತಿರುಗಿಸಿ ಕೊಡುತ್ತಿದ್ದಳು.

ಜನವರಿ ಮಧ್ಯದಲ್ಲಿ ಕಾಗದಕ್ಕೆ ಬಂದೆವು. ಮೊದಲು ಅವಳು ಟೈಪ್ ಮಾಡಿದ ಪುಟವನ್ನೇ ಮುದ್ರಿಸಿ ಪೆನ್ಸಿಲಿನಲ್ಲಿ ತಿದ್ದಿಸಿದೆ. ಎಂಟರ್ ಗುಂಡಿಯ ಬದಲು ಒಂದು ಓರೆ ಗೆರೆ. ಆಮೇಲೆ ಕೈಬರಹ. ಕಂಪ್ಯೂಟರಿನ ಮುಂದೆ ಕೂರುವ ದಿನಗಳನ್ನು ವಾರಕ್ಕೆ ಎರಡಕ್ಕೆ, ಆಮೇಲೆ ಒಂದಕ್ಕೆ ಇಳಿಸಿದೆ. ತಪ್ಪುಗಳು ಕಡಿಮೆಯಾದವು, ಆದರೆ ಸಮಯ ಹೆಚ್ಚಾಯಿತು. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಅವಳು ಒಮ್ಮೆಯೂ ನಾಲ್ಕನೆಯ ಸುತ್ತು ಮುಗಿಸಿರಲಿಲ್ಲ. ಹೆಡ್‌ಮಾಸ್ಟರಿಗೆ ಇದನ್ನು ಹೇಳಲಿಲ್ಲ. ಅವರೂ ಕೇಳಲಿಲ್ಲ.

ಫೆಬ್ರವರಿಯ ಕೊನೆಯ ಶುಕ್ರವಾರ, ಊಟಕ್ಕೆ ಮುಂಚಿನ ಪೀರಿಯಡ್ಡಿನಲ್ಲಿ ಅವರು ಬಂದು ಅವಳ ಪಕ್ಕದ ಬೆಂಚಿನಲ್ಲಿ ಕೂತರು. ಹಾಸನಕ್ಕೆ ಹೋಗಿಬಂದ ಒಂದು ದಿನದ ಬಗ್ಗೆ ಬರಿ ಎಂದರು. ಅವಳು ಬಗ್ಗಿ ಬರೆಯತೊಡಗಿದಳು. ಹದಿನೈದು ನಿಮಿಷಕ್ಕೆ ಪುಟ ತುಂಬಿತು. ಹೆಡ್‌ಮಾಸ್ಟರು ಕತ್ತು ಚಾಚಿ ನೋಡಿ, ನನ್ನ ಬಳಿ ಬಂದು ತಗ್ಗಿದ ದನಿಯಲ್ಲಿ, "ಒಂದು ಚುಕ್ಕೆನೂ ಇಲ್ವಲ್ರೀ" ಎಂದರು.

"ಇನ್ನೂ ಶುರು ಮಾಡಿಲ್ಲ ಸರ್" ಎಂದೆ.

ಅವಳು ಪುಟದ ಮೇಲ್ಭಾಗಕ್ಕೆ ಹೋಗಿ ತುಟಿ ಆಡಿಸುತ್ತ ಓದಿದಳು. ಚುಕ್ಕೆ, ಓರೆ ಗೆರೆ. ಚುಕ್ಕೆ, ಓರೆ ಗೆರೆ. ಕೊನೆ ಮುಟ್ಟಿ ಮತ್ತೆ ಮೇಲಕ್ಕೆ ಬಂದಳು.

"ಅದೇ ಪುಟನ ಎಷ್ಟು ಸಲ ನೋಡ್ತೀಯಮ್ಮ?" ಎಂದರು ಹೆಡ್‌ಮಾಸ್ಟರು.

"ನಾಕು ಸಾರ್. ಇದು ಎರಡ್ನೇದು. ಮಾತಾಡಿಸ್ಬ್ಯಾಡಿ, ತಪ್ಪೋಯ್ತೈತೆ."

ನಾನು ನೆಲ ನೋಡಿದೆ. ಹೆಡ್‌ಮಾಸ್ಟರು ಕಿಟಕಿಯ ಹತ್ತಿರ ಹೋಗಿ ನಿಂತರು. ಮೂರನೆಯ ಸುತ್ತು ನಡೆದಿದ್ದಾಗ ವರಾಂಡದ ಆ ತುದಿಯಲ್ಲಿ ಅಟೆಂಡರ್ ಗಂಟೆಯ ಕಡೆ ನಡೆದು ಬರುವುದು ಕಂಡಿತು. ನನ್ನ ಗಡಿಯಾರದಲ್ಲಿ ಒಂದು ನಿಮಿಷ ಉಳಿದಿತ್ತು. ಹುಡುಗಿ ಹಾಸನದ ಮೊದಲಕ್ಷರವನ್ನು ಅಳಿಸಿ ಹೊಸದು ಬರೆಯುತ್ತಿದ್ದಳು. ಅಟೆಂಡರ್ ಸುತ್ತಿಗೆ ಎತ್ತಿಕೊಂಡ. ಹೆಡ್‌ಮಾಸ್ಟರು ಕಿಟಕಿಯಿಂದ ಕೈ ಹೊರಗೆ ಚಾಚಿ, ಅಂಗೈ ಅಡ್ಡ ಹಿಡಿದರು. ಅವನು ಹಾಗೇ ನಿಂತ.

ಒಂದು ನಿಮಿಷವಾಯಿತು. ಮೂರಾಯಿತು. ಪಕ್ಕದ ತರಗತಿಗಳಲ್ಲಿ ಡಬ್ಬಿಗಳ ಸದ್ದು, ಬೆಂಚು ಎಳೆಯುವ ಸದ್ದು. ಇಂಗ್ಲಿಷ್ ಮೇಷ್ಟ್ರು ಹೊರಗೆ ಬಂದು ಗಡಿಯಾರ ನೋಡಿಕೊಂಡು, ಕಿಟಕಿಯಲ್ಲಿ ಚಾಚಿದ್ದ ಕೈ ಕಂಡು ಒಳಗೆ ಹೋದರು. ಹುಡುಗಿಗೆ ಇದ್ಯಾವುದೂ ತಿಳಿಯಲಿಲ್ಲ. ನಾಲ್ಕನೆಯ ಸಲ ಪುಟದ ಕೊನೆ ತಲುಪಿ ಪೆನ್ಸಿಲ್ ಕೆಳಗಿಟ್ಟಳು.

"ಹೊಡಿ" ಎಂದರು ಹೆಡ್‌ಮಾಸ್ಟರು ಹೊರಗೆ.

ಗಂಟೆಯ ಸದ್ದು, ಮಕ್ಕಳ ಕೂಗು ಸ್ವಲ್ಪ ತಗ್ಗಿದ ಮೇಲೆ ಅವರು ಪುಟ ಎತ್ತಿಕೊಂಡು ಗಟ್ಟಿಯಾಗಿ ಓದಿದರು. ಅವಳ ಚುಕ್ಕೆ ಇದ್ದಲ್ಲಿ ನಿಂತರು, ಕಾಮಾ ಇದ್ದಲ್ಲಿ ತಡೆದರು. ಬಸ್ಸು ಹತ್ತಿದ್ದು, ಅವ್ವ ವಾಂತಿ ಮಾಡಿದ್ದು, ಚಪ್ಪಲಿ ಕೊಂಡದ್ದು ಒಂದೊಂದೇ ಕೇಳಿಸಿತು. ಕೊನೆಯಿಂದ ಮೂರನೆಯ ಸಾಲಿನಲ್ಲಿ ಎರಡು ವಾಕ್ಯಗಳನ್ನು ಒಂದೇ ಉಸಿರಿಗೆ ಓದಿಬಿಟ್ಟರು.

"ಸಾರ್, ಅಲ್ಲಿ ನಿಲ್ಬೇಕಿತ್ತು" ಎಂದಳು.

"ನೀನು ಎಲ್ಲಿ ನಿಲ್ಸಿದೀಯ?"

ಅವಳು ಇಣುಕಿ ನೋಡಿ ನಾಲಿಗೆ ಕಚ್ಚಿಕೊಂಡಳು. ಅವರು ಪುಟವನ್ನೂ ಪೆನ್ಸಿಲನ್ನೂ ಅವಳ ಮುಂದಿಟ್ಟರು. "ಹಾಕು."

ಹಾಕಿದಳು.

"ಅವ್ವಂಗೆ ಹೇಳು. ಜೂನಲ್ಲಿ ಹತ್ತನೇ ಕ್ಲಾಸು ಅಂತ."

"ನಾನೇಳಿದ್ರೆ ನಂಬಲ್ಲ ಸಾರ್. ಒಂದು ಚೀಟಿ ಬರ್ಕೊಡಿ."

ಅವರು ನಿಂತಲ್ಲೇ ನನ್ನ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು, ನಾಲ್ಕು ಸಾಲು ಬರೆದು, ಸಹಿ ಮಾಡಿ ಕೊಟ್ಟರು. ಅವಳು ಅದನ್ನು ಹಿಡಿದುಕೊಂಡು ಮೇಲಿನಿಂದ ಕೆಳಗೆ ಓದಿದಳು. ಮತ್ತೆ ಮೇಲಿನಿಂದ ಶುರು ಮಾಡಿದಳು. ಮೂರನೆಯ ಸಲಕ್ಕೆ ಹೆಡ್‌ಮಾಸ್ಟರು ಕನ್ನಡಕ ಸರಿಮಾಡಿಕೊಂಡರು.

"ಏನಮ್ಮ, ಸರಿ ಐತಾ?"

"ತಡೀರಿ ಸಾರ್" ಎಂದಳು. "ಇನ್ನೊಂದ್ಸಲ ಐತೆ."